ಮಣ್ಣಿನ ಮೂಗಿಗೆ ಊದುವ ಮಾವ

ಮಣ್ಣಿನಿಂದ ಮನುಷ್ಯರನ್ನು ಮಾಡಿ ಅವರ ಮೂಗಿಗೆ ಉಸಿರು ಊದಿದವರು ನನಗೆ ತಿಳಿದಂತೆ ಇಬ್ಬರೇ. ಒಬ್ಬ ದೇವರು, ಇನ್ನೊಬ್ಬ ನಮ್ಮ ಸೋದರಮಾವ. ದೇವರು ಆರು ದಿನ ದುಡಿದು ಏಳನೆಯ ದಿನ ವಿಶ್ರಾಂತಿ ಪಡೆದ. ಮಾವ ಆರು ದಿನ ವಿಶ್ರಾಂತಿ ಪಡೆದು, ಏಳನೆಯ ದಿನ ಪಾದ್ರಿಗಳ ಉಪದೇಶ ನಡೆದಿರುವಾಗ ಕಿಸೆಯೊಳಗೆ ಕೈ ಹಾಕಿ ಹಸಿಮಣ್ಣಿನ ಕುರಿ ಮಾಡುತ್ತಿದ್ದ!

ನಾನೋ, ಲಿಂಗಸೂಗೂರಿನ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವಳು. ಐದಕ್ಕೆ ಏಳು, ಐದೂಕಾಲಿಗೆ ಹಾಸಿಗೆ ಸುತ್ತು, ಐದೂವರೆಗೆ ಪ್ರಾರ್ಥನೆ. ಈಗಲೂ ನನ್ನ ಮನೆಯಲ್ಲಿ ಚಮಚಕ್ಕೆ, ಚಪ್ಪಲಿಗೆ, ಚಿಂತೆಗೆ ಕೂಡ ಗೊತ್ತಾದ ಜಾಗ, ಗೊತ್ತಾದ ಹೊತ್ತು ಇದೆ. ಇಂಥ ನನಗೆ ದೇವರು ಕೊಟ್ಟ ಮಾವ ಮಸ್ಕಿಯ ಮಿಷನ್ ಶಾಲೆಯಲ್ಲಿ ಯಾವ ಕೆಲಸದಲ್ಲಿದ್ದ ಗೊತ್ತೇ? ಗಂಟೆ ಬಾರಿಸುವ ಕೆಲಸದಲ್ಲಿ!

ನಿಜಾಮರ ಕಾಲ ಅದು. ಶಾಲೆಯ ಮುಂದಿನ ಬೇವಿನ ಮರಕ್ಕೆ ಒಂದು ಕಬ್ಬಿಣದ ಕಂಬಿಯ ತುಂಡು ತೂಗುತ್ತಿತ್ತು. ಮಾವ ಅದನ್ನು ಸುತ್ತಿಗೆಯಿಂದ ಹೊಡೆದರೆ ಪಾಠ ಬದಲು, ಹೊಡೆಯದಿದ್ದರೆ ಇಲ್ಲ. ಒಂದು ದಿನ ಮಕ್ಕಳು ಬೆಳಗಿನಿಂದ ಊಟದ ಹೊತ್ತಿನವರೆಗೆ ಗಣಿತವನ್ನೇ ಮಾಡಿ ಅಳತೊಡಗಿದವು. ಹೆಡ್‌ಮಾಸ್ತರರು ಹುಡುಕಿಕೊಂಡು ಹೋದರೆ ಮಾವ ಶಾಲೆಯ ಹಿಂದೆ ಮೊಣಕೈವರೆಗೆ ಕೆಸರಾಗಿ ಕೂತಿದ್ದ.

"ಗಂಟಿ ಯಾಕ ಹೊಡೀಲಿಲ್ಲೋ?"

"ಈ ಕುರಿಗೆ ಇನ್ನಾ ಕಿವಿ ಹಚ್ಚಿದ್ದಿಲ್ರೀ ಸರ. ಗಂಟಿ ಹೊಡದ್ರ ಪಾಪ ಅದಕ್ಕ ಹೆಂಗ ಕೇಳಬೇಕು?"

ಹೆಡ್‌ಮಾಸ್ತರರಿಗೆ ಆ ದಿನ ಗಂಟೆ ಹೊಡೆಯುವ ಕೆಲಸವೂ ಬಿತ್ತು. ಅವರ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಈ ಕುರಿಗಳೆಲ್ಲ ಕ್ರಿಸ್‌ಮಸ್ಸಿನ ಗೋದಲಿಗಾಗಿ. ಯೇಸುಸ್ವಾಮಿ ಹುಟ್ಟಿದ ದನದ ಕೊಟ್ಟಿಗೆಯನ್ನು ಮಾವ ವರ್ಷಕ್ಕೊಮ್ಮೆ ನಮ್ಮ ಮಿಷನ್ ಗುಡಿಯ ಮೂಲೆಯಲ್ಲಿ ಮಣ್ಣಿನ ಗೊಂಬೆಗಳಿಂದ ಕಟ್ಟುತ್ತಿದ್ದ. ಹಬ್ಬದ ಹಿಂದಿನ ದಿನ ಸಂಜೆ ಐದರ ಗಂಟೆಗೆ ಅದರ ಮುಂದಿನ ಪರದೆ ಸರಿಸಬೇಕು. ನೋಡಲು ನಮ್ಮವರಷ್ಟೇ ಅಲ್ಲ, ಗೌಡರ ಮನೆಯವರು, ಅಂಗಡಿ ಶೆಟ್ಟರು, ಅತ್ತರು ಮಾರುವ ಸಾಹೇಬರು, ಎಲ್ಲರೂ ಬರುತ್ತಿದ್ದರು. ಮಾವನಿಗೆ ವರ್ಷವೆಂದರೆ ಆ ಒಂದು ಸಂಜೆ. ಉಳಿದ ದಿನಗಳು ಅದಕ್ಕೆ ಹೋಗುವ ದಾರಿ.

ಅವನ ಪಾಲಿಗೆ ಬೆತ್ಲೆಹೇಮ್ ಇದ್ದದ್ದು ಮಸ್ಕಿ ಹಳ್ಳದ ಆಚೆ ದಂಡೆಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ಗುಡ್ಡ ನಡುಗಿದಂತೆ ಕಾಣುವಾಗ, ಜೋಳದ ಹೊಲದ ಮೇಲೆ ಗಾಳಿ ಮಲಗಿಕೊಂಡಾಗ, ಅವನು ಹಳ್ಳದಲ್ಲಿ ಕಾಲು ಬಿಟ್ಟು ಕೂತು ದಂಡೆಯ ಎರೆಮಣ್ಣನ್ನು ನೋಡುತ್ತಿದ್ದ. ನೋಡುತ್ತ ನೋಡುತ್ತ ಅದರೊಳಗಿಂದ ಒಬ್ಬ ಕುರುಬ ಎದ್ದು ಬರುತ್ತಿದ್ದನಂತೆ, ಹೆಗಲ ಮೇಲೆ ಕಂಬಳಿ ಹೊದ್ದು. "ನಾ ಮಾಡೂದೇನೈತಿ ಬೇ? ಅವರು ಒಳಗ ಮಲಗ್ಯಾರ. ನಾ ಎಬ್ಬಸ್ತೀನಿ ಅಷ್ಟ" ಎನ್ನುತ್ತಿದ್ದ. ಅತ್ತೆಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿ. "ಹಟ್ಟಿ ಗಣಿಯೊಳಗ ಮಂದಿ ನೆಲಾ ಅಗದು ಬಂಗಾರ ತರ್ತಾರ. ನಮ್ಮವರು ಅಗದ್ರ ಕೆಸರು ತರ್ತಾರ!"

ಕೂಸು ಯೇಸುವನ್ನು ಕಾಣಲು ಮೂಡಣ ದೇಶದಿಂದ ಬಂದ ಮೂವರು ಜ್ಞಾನಿಗಳನ್ನು ಅವನು ಒಂಟೆಯ ಮೇಲೆ ಕೂರಿಸಲಿಲ್ಲ. ಸಿಂಧನೂರಿನ ಕಡೆಯಿಂದ ಎತ್ತಿನ ಬಂಡಿಯಲ್ಲಿ ಕರೆತಂದ. ಒಬ್ಬನ ತಲೆಯ ಮೇಲೆ ಕುಚ್ಚಿನ ರೂಮಿ ಟೋಪಿ ಬೇರೆ! ಪಾದ್ರಿಗಳು ಕೇಳಿದರು, "ಒಂಟಿ ಎಲ್ಲಿ?"

"ನಾ ಒಂಟಿ ನೋಡಿಲ್ರೀ ಅಯ್ಯನವರ, ಬಂಡಿ ನೋಡೀನಿ. ಬಂಡಿಯೊಳಗ ಬಂದಾರಂತನ ಕೂಸು ಹುಟ್ಟಿದ ಮ್ಯಾಲ ಅವರು ಮುಟ್ಟೂದು ಹನ್ನೆರಡು ದಿನಾ ತಡಾ ಆಗೈತಿ."

ಇನ್ನು ಉಸಿರಿನ ವಿಷಯ. ಮಾವ ಗೊಂಬೆಯ ಎದೆಯನ್ನು ಒಳಗೆ ಟೊಳ್ಳು ಬಿಡುತ್ತಿದ್ದ. ಮೂಗಿನ ಹತ್ತಿರ ಕಡ್ಡಿಯಿಂದ ತೂತು ಕೊರೆದು, ಕಣ್ಣು ಮುಚ್ಚಿ, ಮೆಲ್ಲಗೆ ಒಮ್ಮೆ ಊದಿ, ಒಳಗೆ ಹೋದ ಉಸಿರು ಹೊರಗೆ ಬಾರದಂತೆ ಹೆಬ್ಬೆಟ್ಟಿನಿಂದ ತೂತು ಮುಚ್ಚುತ್ತಿದ್ದ. ಆಮೇಲೆ ನೆರಳಿನಲ್ಲಿ ಒಣಗಿಸುತ್ತಿದ್ದನೇ ಹೊರತು ಬೆಂಕಿಗೆ ಹಾಕುತ್ತಿರಲಿಲ್ಲ. "ದೇವರು ಆದಾಮನ್ನ ಆವಿಗಿಯೊಳಗ ಸುಟ್ಟನೇನು? ಊದಿದ!" ಒಮ್ಮೆ ಒಂದೇ ಸಲಕ್ಕೆ ನಲವತ್ತು ಕುರಿಗಳಿಗೆ ಊದಿ ಕಣ್ಣು ಕತ್ತಲಿಟ್ಟು ಬಿದ್ದ. ಅತ್ತೆ ನೀರು ಚಿಮುಕಿಸುತ್ತ ಅಂದಳು, "ಇದ್ದ ಉಸರೆಲ್ಲಾ ಕುರಿಗೆ ಕೊಟ್ರ ನಾ ಯಾರ ಜೋಡಿ ಬಾಳೇವು ಮಾಡ್ಲಿ?"

ಊರವರು ಮಣ್ಣೆತ್ತಿನ ಅಮಾವಾಸ್ಯೆಗೆ ಅವನ ಹತ್ತಿರವೇ ಎತ್ತು ಮಾಡಿಸಿಕೊಳ್ಳತೊಡಗಿದ್ದು ಸಹಜ. ಆದರೆ ಮಾವನಿಗೆ ಗೊತ್ತಿದ್ದ ಎತ್ತು ಒಂದೇ, ಕೂಸಿನ ಮುಂದೆ ಮೊಣಕಾಲೂರಿದ ಗೋದಲಿಯ ಎತ್ತು. ಮೊದಲ ವರ್ಷ ಊರ ಮಣ್ಣೆತ್ತುಗಳೆಲ್ಲ ಮೊಣಕಾಲೂರಿದವು! ಬಿತ್ತುವ ಹೊತ್ತಿನಲ್ಲಿ ಎತ್ತು ನೆಲ ಹಿಡಿಯುವುದೆಂದರೆ ರೈತನಿಗೆ ಅದಕ್ಕಿಂತ ಅಪಶಕುನ ಇದೆಯೇ? ಗೌಡರು ಎತ್ತುಗಳನ್ನು ಮೊರದಲ್ಲಿಟ್ಟುಕೊಂಡು ಬಂದೇ ಬಿಟ್ಟರು.

"ಏನಲೇ ಇದು? ಇವು ಮಲಗಿದ್ರ ನೊಗಕ್ಕ ಯಾರನ್ನ ಹೂಡ್ಲಿ, ನಿನ್ನನ್ನ?"

"ಮಲಗಿಲ್ರೀ ಗೌಡ್ರ, ಕೈ ಮುಗದಾವ. ಎತ್ತಿಗೆ ಕೈ ಇಲ್ಲಲ್ಲ, ಮೊಣಕಾಲಿಲೆ ಮುಗದಾವ."

ಗೌಡರು ಗೊಣಗುತ್ತ ಹೋದರು. ಆ ವಾರವೇ ಹದವಾದ ಮಳೆ ಬಿತ್ತು. ಮರುವರ್ಷ ಯಾರೋ ನಿಂತ ಎತ್ತು ಮಾಡಿಕೊಡಲು ಹೋದರೆ ಗೌಡರೇ, "ನಿಂತದ್ದು ಬ್ಯಾಡಲೇ, ಕೈ ಮುಗದದ್ದು ಕೊಡು" ಅಂದರು!

ಈಗ ನನ್ನ ಪಾಪದ ಕಥೆ. ನನಗಾಗ ಹದಿನೇಳು, ಹಬ್ಬದ ರಜೆಗೆ ಮಾವನ ಮನೆಗೆ ಬಂದಿದ್ದೆ. ನಮ್ಮ ಬೋರ್ಡಿಂಗ್ ನಡೆಸುತ್ತಿದ್ದ ದೊಡ್ಡಮ್ಮನವರು ಗೋದಲಿಯ ಸುದ್ದಿ ಕೇಳಿ, "ಗಟ್ಟಿಯಾಗಿ ಸುಟ್ಟ ಗೊಂಬೆಗಳಾದರೆ ಹಬ್ಬದ ಮೇಲೆ ಹೈದರಾಬಾದಿಗೆ ಕಳಿಸಿ ಪ್ರದರ್ಶನಕ್ಕೆ ಇಡಿಸುತ್ತೇನೆ" ಎಂದಿದ್ದರು. ವರ್ಷವಿಡೀ ಮಾಡಿದ್ದನ್ನು ಹಬ್ಬ ಮುಗಿದ ಮೇಲೆ ಮಾವ ಹಳ್ಳಕ್ಕೆ ಬಿಟ್ಟು ಬರುತ್ತಿದ್ದ. ನನ್ನಂಥ ಅಚ್ಚುಕಟ್ಟಿನವಳಿಗೆ ಇದನ್ನು ಸಹಿಸುವುದು ಸಾಧ್ಯವೇ? ಹಬ್ಬಕ್ಕೆ ಎರಡು ದಿನವಿರುವಾಗ ಮಾವ ಮೇಣದಬತ್ತಿ ತರಲು ಲಿಂಗಸೂಗೂರಿಗೆ ಹೋದ. ನಾನು ಗೊಂಬೆಗಳನ್ನೆಲ್ಲ ಸಾಲಾಗಿ ಬುಟ್ಟಿಗಳಲ್ಲಿಟ್ಟು ಕುಂಬಾರ ಅಜ್ಜನ ಆವಿಗೆಗೆ ಸಾಗಿಸಿದೆ.

ಅಜ್ಜ ಕೇಳಿದ, "ಯವ್ವಾ, ಒಳಗ ಟೊಳ್ಳು ಅದಾವೋ ಗಟ್ಟಿ ಅದಾವೋ?"

"ಗಟ್ಟಿ" ಅಂದೆ. ತರಗತಿಯಲ್ಲಿ ಉತ್ತರ ಹೇಳುವಷ್ಟೇ ಖಚಿತವಾಗಿ! ಮೂಗಿಗೆ ಊದಿದ ಉಸಿರು ಒಳಗೆ ನಿಜವಾಗಿಯೂ ಇರುತ್ತದೆ ಎಂದು ನಾನೆಲ್ಲಿ ನಂಬಿದ್ದೆ?

ಮರುದಿನ ಮಧ್ಯಾಹ್ನ ಅಜ್ಜ ತಾನೇ ಬಂದ. ಅಂಗಳದಲ್ಲಿ ನಿಂತು ತಲೆಯ ರುಮಾಲು ಬಿಚ್ಚಿದ. "ಯವ್ವಾ, ಒಳಗ ಗಾಳಿ ಇತ್ತು, ನಿಮ್ಮ ಜ್ಞಾನಿಗಳು ಸಿಡದ್ರು. ಕುರಿ ಸಿಡದ್ವು. ತಾಯಿನೂ ಉಳೀಲಿಲ್ಲ."

ಹಿಂದೆಯೇ ಮೇಣದಬತ್ತಿಯ ಗಂಟು ಹಿಡಿದು ಮಾವ ನಿಂತಿದ್ದ. ಈಗಷ್ಟೇ ಮೋಟಾರಿನಿಂದ ಇಳಿದು ಬಂದಿದ್ದ. ಅತ್ತೆ ನನ್ನತ್ತ ತಿರುಗಿ, "ಓದಿಸಿದ್ದಕ್ಕ ಇದನ್ನ ಕಲತೀ ಏನ್ ಬೇ?" ಅಂದಳು. ಗಂಡನ ಕೆಸರನ್ನು ಜನ್ಮವೆಲ್ಲ ಬೈದವಳ ಕಣ್ಣಲ್ಲಿ ನೀರು! ಮಾವ ನನ್ನನ್ನು ಬೈಯಲಿಲ್ಲ. ಆವಿಗೆಗೆ ಹೋಗಿ ಒಂದು ಎತ್ತಿನ ಮೊಣಕಾಲಿನ ಚೂರು ಎತ್ತಿಕೊಂಡು ಬಹಳ ಹೊತ್ತು ಸವರಿದ. ನಾಲ್ಕು ಹೊಡೆದಿತ್ತು. ಐದಕ್ಕೆ ಊರು ಬರುತ್ತದೆ. ಪರದೆಯ ಹಿಂದೆ ಜೋಳದ ಸೊಪ್ಪೆಯ ಖಾಲಿ ಕೊಟ್ಟಿಗೆ.

"ಇವತ್ತ ಗಂಟಿ ನೀ ಹೊಡೀ" ಅಂದು ಮಾವ ಹಳ್ಳಕ್ಕೆ ಇಳಿದ.

ಗಂಟೆ ಹೊಡೆಯುವುದಾದರೂ ಸರಿಯಾಗಿ ಆಗಲಿ ಎಂದು ನಾನು ಶಾಲೆಯ ಗಡಿಯಾರ ನೋಡುತ್ತ ನಿಂತೆ. ಐದಕ್ಕೆ ಎರಡು ನಿಮಿಷವಿರುವಾಗ ಸುತ್ತಿಗೆ ತೆಗೆದುಕೊಂಡು ಬೇವಿನ ಮರದ ಕಡೆ ಹೊರಟೆ. ಮಾವ ಎದುರಿಗೆ ಬಂದ. ಅವನ ಅಂಗೈಯಲ್ಲಿ ಒಂದು ಕೂಸು ಮಲಗಿತ್ತು. ಕುರುಬರಿಲ್ಲ, ಕುರಿಯಿಲ್ಲ, ತಾಯಿಯೂ ಇಲ್ಲ, ಒಂದು ಗೇಣಿಲ್ಲದ ಕಪ್ಪು ಹಸಿ ಕೂಸು ಮಾತ್ರ.

"ಊದು" ಅಂದ.

"ಮಾಮಾ, ಗಂಟಿ..."

"ನನ್ನ ಉಸರು ಇವತ್ತ ಎದಿ ಬಿಟ್ಟು ಬರವಲ್ದು ಬೇ. ನೀ ಊದು."

ನಾನು ಬಗ್ಗಿದೆ. ಎರೆಮಣ್ಣಿನ ತಂಪು, ಹಳ್ಳದ ವಾಸನೆ. ಊದಿದೆ. ಆ ಎಳ್ಳಷ್ಟು ಮೂಗಿನಿಂದ ನನ್ನದೇ ಉಸಿರು ಬೆಚ್ಚಗಾಗಿ ನನ್ನ ತುಟಿಗೆ ತಿರುಗಿ ಬಂತು. ಕೂಸು ಊದಿದ ಹಾಗೆ! ಮಾವ ಹೆಬ್ಬೆಟ್ಟಿನಿಂದ ತೂತು ಮುಚ್ಚಿದ. ಗುಡ್ಡದ ಮೇಲೆ ಬಿಸಿಲು ಹಳದಿಯಾಗಿತ್ತು, ಎಲ್ಲೋ ದೂರ ಬಂಡಿಯೊಂದು ಬರುತ್ತಿತ್ತು. ನಾವಿಬ್ಬರೂ ಆ ಕೂಸನ್ನು ನೋಡುತ್ತ ನಿಂತೆವು. ಎಷ್ಟು ಹೊತ್ತೋ ತಿಳಿಯದು.

"ಐದೂವರಿ ಆತು! ಮಂದಿ ಬಂದು ಕುಂತೈತಿ! ಮಾವ ಒಬ್ಬ ಸಾಲಲಿಲ್ಲಂತ ಇಕಿನೂ ಕೆಟ್ಟಳು!" ಅತ್ತೆಯ ಕೂಗು. ನನ್ನ ಜನ್ಮದಲ್ಲಿ ನಾನು ತಪ್ಪಿಸಿದ ಗಂಟೆ ಅದೊಂದೇ.

ಪರದೆ ಸರಿದಾಗ ಖಾಲಿ ಸೊಪ್ಪೆಯ ನಡುವೆ ಆ ಒಂದೇ ಕೂಸು. ಜನ ಕುತ್ತಿಗೆ ಚಾಚಿ ಉಳಿದ ಗೊಂಬೆಗಳನ್ನು ಹುಡುಕಿದರು. ಕೊನೆಗೆ ಗೌಡರು ಮೆಲ್ಲಗೆ ಮೊಣಕಾಲೂರಿದರು, "ಎತ್ತು ಇಲ್ಲಲ್ಲೋ, ಅದಕ್ಕ" ಎನ್ನುತ್ತ.

ಹಬ್ಬ ಕಳೆದ ಮೇಲೆ ಮಾವ ಕೂಸನ್ನು ಹಳ್ಳಕ್ಕೆ ಬಿಡಲು ಹೊರಟ. ನಾನೂ ಹೋದೆ. "ಸುಟ್ಟದ್ದು ಒಡದ್ರ ಬೋಕಿ ಚೂರು ಬೇ, ಯಾತಕ್ಕೂ ಬರೂದಿಲ್ಲ" ಅಂದ. "ಹಸಿದು ಕರಗಿದ್ರ ಮತ್ತ ಮಣ್ಣು. ಮತ್ತ ಎಬ್ಬಸಬೌದು."

ನಾಲ್ಕು ವರ್ಷದ ಮೇಲೆ, ನಿಜಾಮರ ಆಳ್ವಿಕೆ ಇನ್ನೂ ಇದ್ದಾಗಲೇ, ಮಾವ ತೀರಿಕೊಂಡ. ಎಲ್ಲ ಏರ್ಪಾಡೂ ನನ್ನದೇ. ಗಂಟೆಯೂ ಸರಿಯಾದ ಹೊತ್ತಿಗೆ ಆಯಿತು. ಪ್ರಾರ್ಥನೆ ಮುಗಿದು ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದರು. ನನ್ನ ಸರದಿ ಬಂದಾಗ ನಾನು ಹಿಡಿಯನ್ನು ತುಟಿಯ ಹತ್ತಿರ ತಂದು, ಕಣ್ಣು ಮುಚ್ಚಿ, ಮೆಲ್ಲಗೆ ಒಮ್ಮೆ ಊದಿದೆ. ಹಿಂದಿದ್ದವರು ಧೂಳು ಹಾರಿಸುತ್ತಿದ್ದಾಳೆ ಎಂದುಕೊಂಡಿರಬೇಕು. ಆಮೇಲೆ ಹಾಕಿದೆ.