ಎದೆಗೆ ಬಡಿದದ್ದು ಗಾಳಿಯಲ್ಲವಂತೆ

ಮಾನ್ಯ ಹೃದಯದವರೇ,

ಎಡಪಕ್ಕೆಯ ತಮ್ಮ ಬಿಡಾರದಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೆರೆಮನೆಯ ಶ್ವಾಸಕೋಶ ದಂಪತಿಗಳು ನನ್ನ ನಲವತ್ತು ವರ್ಷದ ಸಿಗರೇಟನ್ನು ಮರೆತರೇ? ನಾನು ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಸುರಿದಾಗಲೆಲ್ಲ ತುಟಿ ಬಿಚ್ಚದೆ ಸಂಭಾಳಿಸಿದ ಯಕೃತ್ತಮ್ಮನವರು ಹೇಗಿದ್ದಾರೆ? ಮೂತ್ರಪಿಂಡದ ಅವಳಿಗಳಿಗೂ ನನ್ನ ಆಶೀರ್ವಾದ ತಿಳಿಸಿ.

ಇನ್ನು ನನ್ನ ದೂರು. ತಾವು ದಿನಕ್ಕೆ ಲಕ್ಷ ಸಲ ಬಡಿದು, ಮೈಯೆಲ್ಲ ಸುತ್ತಿ ದಣಿದು ಬಂದ ರಕ್ತವನ್ನು ನೆರೆಮನೆಗೆ ಕಳಿಸಿ ಉಸಿರು ತುಂಬಿಸಿ, ಕಾಲ ಹೆಬ್ಬೆರಳಿನವರೆಗೂ ಮುಟ್ಟಿಸುವವರು. ಎಪ್ಪತ್ತೊಂದು ವರ್ಷದಲ್ಲಿ ಒಂದು ಭಾನುವಾರದ ರಜೆಯನ್ನೂ ಕೇಳದವರು. ಅಂಥವರು ಮೂರನೆಯ ಮಹಡಿಯ ಮೆಟ್ಟಿಲಲ್ಲಿ ನನ್ನ ಎದೆ ಹಿಂಡಿ ನಿಲ್ಲಿಸಿದ್ದು ಯಾವ ಸೌಜನ್ಯ?

ನಾನಾದರೂ ತಮ್ಮ ಮೇಲೆ ಸಂಶಯಪಡಲಿಲ್ಲ. ನಮ್ಮ ಸೆರ್ಬಿಯಾದಲ್ಲಿ ಕತ್ತು ಹಿಡಿದರೂ ಹಲ್ಲು ನೊಂದರೂ ಅಪರಾಧಿ ಒಬ್ಬನೇ, ಎದುರುಬದುರು ಕಿಟಕಿಗಳ ನಡುವೆ ನುಗ್ಗುವ ಗಾಳಿ. ಹಾಗಾಗಿ ಕಿಟಕಿಯ ಸಂದುಗಳಿಗೆ ಉಣ್ಣೆ ತುರುಕಿದೆ, ಎದೆಗೆ ರಾಕಿಯಾ ತಿಕ್ಕಿ ಕೋಸಿನೆಲೆ ಕಟ್ಟಿಕೊಂಡೆ. ದಪ್ಪಮೆಣಸಿನಕಾಯಿ ಸುಟ್ಟ ಹೊಗೆ ಹೋಗಲೆಂದು ಅಡುಗೆಮನೆಯ ಕಿಟಕಿ ತೆರೆದ ಹೆಂಡತಿ ದೆಸಾಂಕಾಳೊಡನೆ ಎರಡು ದಿನ ಮಾತು ಬಿಟ್ಟೆ. ಅವಳು ಅದನ್ನು ಶಿಕ್ಷೆಯೆಂದು ತಿಳಿಯದೆ ವಿಶ್ರಾಂತಿಯೆಂದು ಅನುಭವಿಸಿದ್ದು ಬೇರೆ ಮಾತು.

ಕೊನೆಗೆ ಎದೆಯೊಳಗಿನ ತಮ್ಮ ಚಿತ್ರ ತೆಗೆಸಿ ನೋಡಿದ ಡಾಕ್ಟರ್ ಒಲಿವೆರಾ, "ಗಾಳಿ ಎಲ್ಲಿಂದ ಬಂತು ತಾತ? ನಿಮ್ಮ ರಕ್ತದ ದಾರೀಲಿ ಗಾಳಿ ನುಸುಳೋಕೂ ಜಾಗ ಇಲ್ಲ" ಎಂದರು. ಮೈಗೆಲ್ಲ ರಕ್ತ ಬಡಿಸುವ ತಾವು ತಮ್ಮ ಪಾಲನ್ನು ಮಾತ್ರ ಹುಲ್ಲುಕಡ್ಡಿಯಂಥ ಎರಡು ನಾಳಗಳಿಂದ ಕುಡಿಯುತ್ತೀರೆಂದೂ, ಅವುಗಳಲ್ಲಿ ಒಂದನ್ನು ನನ್ನ ಹಂದಿಕೊಬ್ಬಿನ ಪ್ರೀತಿ ಮುಚ್ಚಿದೆಯೆಂದೂ ಅಂದೇ ತಿಳಿಯಿತು. ಅದನ್ನು ತೆರೆಯಲು ಸೋಮವಾರವೇ ಸ್ಟೆಂಟ್ ಹಾಕಬೇಕಂತೆ.

ಆದರೆ ಗುರುವಾರ ನಮ್ಮ ಮನೆತನ ಕಾಯುವ ಸಂತ ನಿಕೋಲನ ಹಬ್ಬ. ಅತಿಥಿಗಳೆಲ್ಲ ಉಂಡೇಳುವವರೆಗೂ ಮನೆಯ ಯಜಮಾನ ಕೂರುವಂತಿಲ್ಲ. ನನ್ನಪ್ಪ ಕೂರಲಿಲ್ಲ, ನಾನೂ ನಲವತ್ತು ಹಬ್ಬ ಕೂತವನಲ್ಲ. ಹಬ್ಬ ಮುಗಿಯಲಿ, ಆಮೇಲೆ ಆಸ್ಪತ್ರೆ ಎಂದೆ. ದೆಸಾಂಕಾ ಮೀನು ಕೆರೆಯುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ನಿಮ್ಮಪ್ಪ ನಿಂತೇ ಇದ್ರು, ನಿಂತೇ ಹೋದ್ರು, ಐವತ್ತೆಂಟಕ್ಕೆ. ನೀವು ಕೂತು ಬದುಕಿ ಮಾರಾಯ್ರೆ. ಯಜಮಾನ ಹಿಡಿಯೋ ಹಬ್ಬದ ರೊಟ್ಟಿ ನಾನು ಹಿಡೀತೀನಿ."

ಆಗ ಹೊಳೆಯಿತು ಮಾನ್ಯರೇ. ಎಲ್ಲರಿಗೂ ಬಡಿಸಿ, ತಾವು ಹೊಟ್ಟೆತುಂಬ ಉಣ್ಣದೆ, ಒಂದು ಗಳಿಗೆಯೂ ಕೂರದ ಯಜಮಾನರು ಈ ಮನೆಯಲ್ಲಿ ತಾವೊಬ್ಬರೇ. ನಾನು ವರ್ಷಕ್ಕೊಂದು ದಿನ ನಿಂತು ಮೀಸೆ ತಿರುವಿದವನು.

ಆದ್ದರಿಂದ ಸೋಮವಾರ ಬರುತ್ತೇನೆ. ತಾವು ಒಂದು ಮಧ್ಯಾಹ್ನವಾದರೂ ಕೆಲಸವನ್ನು ನೆರೆಯ ದಂಪತಿಗಳಿಗೆ ಒಪ್ಪಿಸಿ ಕಾಲುಚಾಚಿ ಮಲಗಬೇಕೆಂದು ಕೋರುತ್ತಿದ್ದೆ, ಡಾಕ್ಟರ್ ಬೇಡವೆಂದರು.

ಗುರುವಾರ ಕುರ್ಚಿಯಲ್ಲಿ ಕೂರಲಿರುವ,
ತಮ್ಮ ವಿಶ್ವಾಸಿ,
ಮಿಲೊಯ್ಕೊ

ತಾ.ಕ.: ಅಡುಗೆಮನೆಯ ಕಿಟಕಿ ತೆರೆದಿದೆ. ಈಗ ನನ್ನ ಕತ್ತು ಹಿಡಿದರೆ ಅದಕ್ಕೆ ತಾವೇ ಹೊಣೆ. ಆಸ್ಪತ್ರೆಯ ಇಸಿಜಿ ಯಂತ್ರದ ಉದ್ದನೆಯ ಕಾಗದದಲ್ಲಿ ಬೇಗ ಉತ್ತರ ಬರೆಯಿರಿ. ತಮ್ಮ ಕೈಬರಹ ಎಷ್ಟು ಅಂಕುಡೊಂಕಾದರೂ ಓದಿಕೊಳ್ಳುತ್ತೇನೆ. ನೇರ ಗೆರೆ ಮಾತ್ರ ಎಳೆಯಬೇಡಿ.