ಮೊಂಡು ತೋಳಿನ ಗ್ಯಾಲಕ್ಸಿ

ಗ್ಯಾಲಕ್ಸಿಯ ಎಡತೋಳು ಬಲತೋಳಿಗಿಂತ ಮೊಂಡಾಗಿ ಬಂದದ್ದೇ ಅಷ್ಟೂ ರಾದ್ಧಾಂತಕ್ಕೆ ಕಾರಣ.

2003ರ ಮಾತು. ಕೊಳ್ಳೇಗಾಲದ ಜಡೇಸ್ವಾಮಿಯ ಅಂಗಡಿಯಲ್ಲಿ ಮಣಿಕಂಠ ಕಂಪ್ಯೂಟರಿನಲ್ಲಿ ರೇಷ್ಮೆ ಸೀರೆಯ ಅಂಚು, ಬುಟ್ಟಾ ಬಿಡಿಸುತ್ತಿದ್ದ. ಉಟ್ಟರೆ ಸೀರೆ ಹೇಗೆ ಕಾಣುತ್ತದೆಂದು ತಿರುಗಿಸಿ ತೋರಿಸುವ ತ್ರೀಡಿ ಸಾಫ್ಟ್‌ವೇರನ್ನು ತಾನೇ ಕುಟ್ಟಿ ಕುಟ್ಟಿ ಕಲಿತಿದ್ದ. ಅದನ್ನು ಕಂಡ ಮೈಸೂರಿನ ಖಗೋಳಶಾಸ್ತ್ರದ ಪ್ರೊಫೆಸರ್ ಶಿವರುದ್ರಸ್ವಾಮಿಯವರು ಬೆಳಿಗ್ಗೆ ಒಂದು ಸೀಡಿ ತಂದುಕೊಟ್ಟರು. ಅದರ ತುಂಬಾ ಬರೀ ಅಂಕಿ. ಸಾಲಿಗೊಂದು ನಕ್ಷತ್ರ, ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಹುಟ್ಟಿಸಿದ ಗ್ಯಾಲಕ್ಸಿ.

"ಇದನ್ನ ಚಿತ್ರ ಮಾಡು. ಸಂಜೆ ಬರ್ತೀನಿ. ಸರಿಯಾಗಿ ಬಂದ್ರೆ ನಮ್ಮಲ್ಲಿ ಆಪರೇಟರ್ ಕೆಲಸ ನಿಂದೇ" ಎಂದರು.

ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ಮಣಿಕಂಠ ಅದಾಗಲೇ ಮನಸ್ಸಿನಲ್ಲಿ ಮೈಸೂರು ಬಸ್ಸು ಹತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಚಿತ್ರ ಮೂಡಿತು. ಉಂಡು ಬರುವಷ್ಟರಲ್ಲಿ ಗ್ಯಾಲಕ್ಸಿ ಹುರಿ ಮಾಡಿದ ಮೀಸೆಯಂತಾಗಿತ್ತು. ಮೌಸು ಹಿಡಿದು ಕೂತಿದ್ದವನು ಜಡೇಸ್ವಾಮಿ.

"ಒಂದ್ ಕೈ ಮೊಂಡಾಗಿತ್ತು ಕಣ್ಲಾ. ಬಲಗಡೇದ್ನ ಮಗುಚಿ ಎಡಕ್ ಆಕ್ದೆ. ಬುಟ್ಟಾ ಅಂಗೇ ತಾನೆ ಮಾಡೋದು?"

"ಅಯ್ಯೋ ಅಣ್ಣೋ, ಅದು ಬುಟ್ಟಾ ಅಲ್ಲ, ನಕ್ಷತ್ರ!"

"ಯಾವ್ದಾದ್ರೇನ್ಲಾ? ಸೊಟ್ಟಗಿದ್ರೆ ಯಾರ್ ತಕಂಡಾರು?"

ಹಳೇ ಚಿತ್ರದ ಮೇಲೆಯೇ ಸೇವ್ ಮಾಡಿಬಿಟ್ಟಿದ್ದ. ಹಲ್ಲು ಕಡಿಯುತ್ತ ಮಣಿಕಂಠ ಅದನ್ನು ಅಳಿಸಿ ಮತ್ತೆ ಮೊದಲಿನಿಂದ ಹಚ್ಚಿದ. ಮೂರು ಗಂಟೆಯ ಕೆಲಸ. ಹತ್ತು ನಿಮಿಷವಾಗಿಲ್ಲ, ಪಕ್ಕದ ಮನೆಯ ದೊಡ್ಡಬಸಮ್ಮ ಗ್ರೈಂಡರ್ ಹಾಕಿದಳು. ಮನೆಗೂ ಅಂಗಡಿಗೂ ಒಂದೇ ಲೈನು, ಫ್ಯೂಸ್ ಢಮಾರ್.

"ಅಕ್ಕೋ, ಸಂಜೆಗಂಟ ಗ್ರೈಂಡರ್ ಆಕ್ಬ್ಯಾಡಕ್ಕೋ!"

"ನಿನ್ ಚುಕ್ಕಿಗೋಸ್ಕರ ನಾವ್ ಇಡ್ಲಿ ತಿನ್ಬಾರ್ದಾ? ಅಂಗಾರೆ ನೀನೇ ಬಂದು ರುಬ್ಬು."

ಫ್ಯೂಸ್ ಕಟ್ಟಿ, ಮತ್ತೆ ಕೆಲಸ ಹಚ್ಚಿ, ಮಣಿಕಂಠ ಒರಳಿನ ಮುಂದೆ ಕೂತ. ಅತ್ತ ಕಂಪ್ಯೂಟರು ನಕ್ಷತ್ರ ಸುತ್ತಿಸುತ್ತಿದ್ದರೆ ಇತ್ತ ಇವನು ಗುಂಡುಕಲ್ಲು ಸುತ್ತಿಸುತ್ತಿದ್ದ.

ಸಂಜೆ ಪ್ರೊಫೆಸರು ಬಂದರು. ಮಣಿಕಂಠ ಹಿಟ್ಟಿನ ಕೈಯಲ್ಲೇ ಓಡಿಬಂದು ಚಿತ್ರ ತೋರಿಸಿದ. ಅವರು ಕನ್ನಡಕ ಏರಿಸಿದರು, ಇಳಿಸಿದರು.

"ಇದೇನಯ್ಯಾ, ಒಂದು ತೋಳು ಮೊಂಡು?"

"ತಾವ್ ಕೊಟ್ಟ ಅಂಕಿನೇ ಅಂಗದೆ ಸಾ. ಒಂದ್ ಚುಕ್ಕೀನೂ ನಾನ್ ಮುಟ್ಟಿಲ್ಲ."

"ಎರಡೂ ತೋಳು ಸಮ ಅಂತ ನನ್ನ ಪುಸ್ತಕದಲ್ಲಿ ಅಚ್ಚಾಗೋಗಿದೆಯಲ್ಲಯ್ಯಾ!"

ಜಡೇಸ್ವಾಮಿ ಮೆಲ್ಲಗೆ ಕೆಮ್ಮಿ ಮೌಸು ಹಿಡಿದ. ಎರಡು ನಿಮಿಷ. ಗ್ಯಾಲಕ್ಸಿಗೆ ಮತ್ತೆ ಮೀಸೆ ಬಂತು. ಹೋದ ಕರೆಂಟು ಬಂದಂತೆ ಪ್ರೊಫೆಸರ ಮುಖ ಬೆಳಗಿತು.

"ಇದಪ್ಪಾ ಗ್ಯಾಲಕ್ಸಿ! ಇನ್ನೂ ನಲವತ್ತಿವೆ, ಎಲ್ಲಾ ನಿಮಗೇ ಕಳಿಸ್ತೀನಿ. ಇಲ್ಲೇ ಇಷ್ಟು ಚೆನ್ನಾಗಿ ಆಗೋದಾದ್ರೆ ಮೈಸೂರಲ್ಲಿ ಆಪರೇಟರ್ ಯಾಕೆ ದಂಡಕ್ಕೆ?"

ಅವರು ಹೋದ ಮೇಲೆ ಜಡೇಸ್ವಾಮಿ ಮಣಿಕಂಠನ ಬೆನ್ನು ತಟ್ಟಿದ.

"ಇನ್ಮೇಲೆ ಪೂರ್ತಿ ಮಾಡಕ್ ಓಗ್ಬ್ಯಾಡ ಕಣ್ಲಾ. ಅರ್ಧ ಮಾಡು ಸಾಕು, ಮಿಕ್ಕಿದ್ದು ನಾನ್ ಮಗುಚ್ತೀನಿ."