ಕಂಪ್ಲಿಯ ಅತ್ತೆ, ಸಂಡೂರಿನ ಮಳೆ

ನಮ್ಮ ಅತ್ತೆ, ಅಂದರೆ ಸೋದರಮಾವನ ಹೆಂಡತಿ, ಇರುವುದು ಕಂಪ್ಲಿಯಲ್ಲಿ. ಛತ್ರಿ ಹಿಡಿಯುವುದು ಮಾತ್ರ ಸಂಡೂರಿನ ಮಳೆಗೆ! ನಗಬೇಡಿ, ಸತ್ಯ ಹೇಳುತ್ತಿದ್ದೇನೆ.

ಈಗ ಹವಾಮಾನ ಯಾರಿಗೆ ಬೇಡ? ಹಂಪಿಯ ಆಟೋದವರು, ಕಮಲಾಪುರದ ಬಾಳೆ ತೋಟದವರು, ಎಲ್ಲರೂ ಎದ್ದ ಕೂಡಲೇ ಆಕಾಶ ಬಿಟ್ಟು ಫೋನು ನೋಡುತ್ತಾರೆ. ಅತ್ತೆಯೂ ನೋಡುತ್ತಾರೆ. ಆದರೆ ಅವರ ಫೋನಿನಲ್ಲಿರುವ ಊರು ಸಂಡೂರು. ಅಲ್ಲಿ ಅವರ ತಂಗಿ ಇದ್ದಾರೆ. ತಮ್ಮ ಹೊಸ ಮನೆಯ ಗೃಹಪ್ರವೇಶದ ದಿನ ಆ ತಂಗಿ ನಾಲ್ಕು ಜನರ ಮುಂದೆ, "ನಮ್ಮಕ್ಕಗ ಮಾತು ಜಾಸ್ತಿ" ಎಂದುಬಿಟ್ಟಿದ್ದರು. ಅದು ಸುಳ್ಳೆಂದು ತೋರಿಸಲು ಅತ್ತೆ ತಂಗಿಯೊಡನೆ ಮಾತೇ ಬಿಟ್ಟರು. ಉಳಿತಾಯವಾದ ಮಾತೆಲ್ಲ ನಮ್ಮ ಪಾಲಿಗೆ ಬಂತು!

ಸಂಜೆ ಫೋನು ನೋಡುತ್ತಾ ಕೂರುವರು. "ಅಲ್ಲಿ ತಣ್ಣಗೈತಿ. ಆಕಿ ಮಿರ್ಚಿ ಕರಿತಿರತಾಳ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು. ಆ ದನಿ ಕೇಳಿದರೆ ನನಗೇ ಸಂಕಟವಾಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಮಾವನ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಒಣಗುತ್ತಿತ್ತು. ಅತ್ತೆ ಓಡಿ ಬಂದರು. "ಮಳಿ ಬರತೈತಿ, ಜಲ್ದಿ ತಾಡಪತ್ರಿ ಹೊಚ್ರಿ!" ಹಮಾಲರು ಸುಡುಬಿಸಿಲಲ್ಲಿ ಬೆವರು ಸುರಿಸಿ ಹೊದಿಸಿದರು. ಬಿದ್ದದ್ದು ಅವರ ಬೆವರಷ್ಟೇ.

"ಅತ್ತಿ, ಮಳಿ ಎಲ್ಲೈತ್ರಿ?"

"ಸಂಡೂರಾಗ ಬಂದಿರತೈತಿ ತಗೋ!"

ಈ ಕಾಟ ಸಾಕೆಂದು ನಾನೇ ಅವರ ಫೋನಿನಲ್ಲಿ ಊರು ಬದಲಿಸಿ ಕಂಪ್ಲಿ ಮಾಡಿಟ್ಟೆ, ಹೇಳುವುದನ್ನು ಮರೆತೆ. ಮರುದಿನ ಬೆಳಿಗ್ಗೆ ಅತ್ತೆ ಊರಿನ ಹೆಸರು ನೋಡದೆ ಅಂಕಿಯಷ್ಟೇ ನೋಡಿ ಎದೆ ಹಿಡಿದುಕೊಂಡರು.

"ಇವತ್ತು ನಲವತ್ತೊಂದು ಡಿಗ್ರಿ ಅಂತಲೇ! ಯವ್ವಾ, ಆಕಿಗೆ ಬಿಸಲು ತಡಿಯಂಗಿಲ್ಲ!"

"ಫೋನ್ ಮಾಡ್ರಿ ಮತ್ತ."

"ಮಾತಾಡಂಗಿಲ್ಲ. ಬರೇ ನೋಡಿ ಬರತೀನಿ."

ನಿಜ ಹೇಳಲು ಬಾಯಿ ತೆರೆದೆ. ಅತ್ತೆ ಆಗಲೇ ಮಜ್ಜಿಗೆಯ ಕ್ಯಾನು ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು. ಅಂತೂ ಹೊರಟಿದ್ದಾರಲ್ಲ, ಹೋಗಲಿ ಎಂದು ಬಾಯಿ ಮುಚ್ಚಿ ಜೊತೆಗೆ ನಡೆದೆ.

ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಸಂಡೂರಿನಲ್ಲಿ ಇಳಿದರೆ ಜಿಟಿಜಿಟಿ ಮಳೆ! ಇಷ್ಟು ಕಾಲ ಆ ಮಳೆಗೆ ಕಂಪ್ಲಿಯಲ್ಲಿ ಛತ್ರಿ ಹಿಡಿದವರು ಅಂದು ಛತ್ರಿ ತಂದಿರಲಿಲ್ಲ. ನೆನೆದು ತೊಪ್ಪೆಯಾಗಿ, ಮಜ್ಜಿಗೆ ಹಿಡಿದು ತಂಗಿಯ ಬಾಗಿಲಲ್ಲಿ ನಿಂತರು.

ತಂಗಿ ಕ್ಯಾನು ಇಸಿದುಕೊಂಡು, ತಮ್ಮ ಸೆರಗಿನಿಂದಲೇ ಅಕ್ಕನ ತಲೆ ಒರೆಸಿದರು.

"ಕಂಪ್ಲ್ಯಾಗ ಇವತ್ತು ನಲವತ್ತೊಂದಂತಲ್ಲಕ್ಕ, ದಿನಾ ನೋಡತೀನಿ. ಅಷ್ಟು ಬಿಸಿಲಾಗ ಹೆಂಗಿರತಿ? ಇಲ್ಲೇ ಇರು ನಾಕು ದಿನ."

ಅತ್ತೆ ತಂಗಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಅತ್ತರು. ಮಾತು ಜಾಸ್ತಿಯ ನಮ್ಮ ಅತ್ತೆಗೆ ಒಂದು ಮಾತೂ ಹೊರಡಲಿಲ್ಲ.